ನೀಲಿ ಪಟ್ಟಿಯ ಮೇಡಂ

ರಾತ್ರಿ ಎಲ್ಲರೂ ಮಲಗಿ ಬಹಳ ಹೊತ್ತಾದ ಮೇಲೆ ಪಕ್ಕದ ಕೋಣೆಯಿಂದ ಕಾಗದ ಮಗುಚುವ ಸಣ್ಣ ಸದ್ದು ಬಂತು. ಅದು ಪಠ್ಯಪುಸ್ತಕದ ಹಾಳೆಯಲ್ಲ. ಆ ಹಾಳೆ ಉಸಿರು ಬಿಟ್ಟ ಹಾಗೆ ಮೆತ್ತಗೆ ಮಗುಚಿಕೊಳ್ಳುತ್ತದೆ. ಇದು ದಪ್ಪನೆಯ ನುಣುಪು ಕಾಗದ, ಬೆರಳಿಗೆ ಅಂಟಿಕೊಂಡು ಬಿಡುವಾಗ ‘ಚಟ್’ ಎನ್ನುತ್ತದೆ. ಮಗಳು ಮತ್ತೆ ಕಾಲೇಜುಗಳ ಪುಸ್ತಿಕೆ ಹರಡಿಕೊಂಡು ಕೂತಿದ್ದಾಳೆ.

ನನ್ನ ಕಿವಿ ಪಾತಾಳಕ್ಕೆ ಬಿದ್ದ ಸೂಜಿಯ ಸದ್ದನ್ನೂ ಕೇಳಿಸಿಕೊಳ್ಳುತ್ತದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಅದು ನನ್ನ ಕೆಲಸದ ಗುಣವೂ ಹೌದು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು ನಾನು. ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಗಾಜಿನ ಈಚೆಯಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಎರಡು ಸದ್ದುಗಳ ನಡುವಿನ ಬಿಡುವನ್ನು ಒಂದೇ ಸಮ ಇಡಬಾರದು. ಇಟ್ಟರೆ ಜನ ತಾಳ ಹಿಡಿದು ಒತ್ತಿಬಿಡುತ್ತಾರೆ. ನಾನು ಏನೂ ಕಳಿಸದೇ ಇರುವಾಗಲೂ ಒತ್ತುವವರಿದ್ದಾರೆ. ಮೋಸ ಮಾಡಬೇಕೆಂದಲ್ಲ. ಕೇಳಿಸಲಿ ಎಂಬ ಆಸೆ ಅಷ್ಟು. ಅಂಥವರ ಮುಖ ನನಗೆ ದೂರದಿಂದಲೇ ಗೊತ್ತಾಗುತ್ತದೆ.

ನಮ್ಮ ಮಗಳದು ಇದಕ್ಕೆ ಉಲ್ಟಾ. ನಾಲ್ಕು ಕಾಲೇಜು ಸುತ್ತಿ ಬಂದರೂ ಅವಳು ಗುಂಡಿ ಒತ್ತಿರಲಿಲ್ಲ. ಐದು ಕಡೆ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಯಾವುದಾದರೂ ಒಂದಕ್ಕೆ ‘ಹೂಂ’ ಎನ್ನಬೇಕಾಗಿತ್ತು. ಬೆಳಗಾದರೆ ಐದನೆಯದನ್ನು ನೋಡಲು ಹೊರಡಬೇಕು.

“ಅದೂ ಹಿಡಿಸದಿದ್ದರೆ ಮನೆಯಲ್ಲೇ ಇರ್ತೀನಿ ಬಿಡಿ,” ಎಂದಿದ್ದಳು ಸಂಜೆ ಊಟದ ಹೊತ್ತಿನಲ್ಲಿ, ತಟ್ಟೆಯಿಂದ ತಲೆ ಎತ್ತದೆ.

“ಇದ್ಕೊಂಡು?” ಎಂದರು ಅವಳ ಅಪ್ಪ.

“ಇದ್ಕೊಂಡು ಇರ್ತೀನಿ.”

ನಮ್ಮ ಅತ್ತೆ ನೀರಿನ ಲೋಟ ಕೆಳಗಿಟ್ಟರು. “ನಮ್ಮ ಕಾಲದಲ್ಲಿ ಕಾಲೇಜಿನವರು ನಮ್ಮನ್ನ ನೋಡಿ ಬೇಡ ಅಂತಿದ್ರು. ಈಗ ಇವಳು ಕಾಲೇಜನ್ನ ನೋಡಿ ಬೇಡ ಅಂತಾಳೆ. ಲೋಕ ಅಂಗಾತ ಬಿತ್ತಲ್ಲೇ ಪುಟ್ಟಿ!”

ಮೊದಲಾಗಿದ್ದರೆ ಮಗಳು ಅಜ್ಜಿಗೆ ತಿರುಗಿಸಿ ಒಂದು ಮಾತು ಕೊಡುತ್ತಿದ್ದಳು. ಈಗ ಸುಮ್ಮನೆ ಎದ್ದು ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಶಾಲೆಯ ಕೊನೆಯ ವರ್ಷದಲ್ಲಿ ಅವಳ ಇಬ್ಬರು ಗೆಳತಿಯರು ಇನ್ನೊಂದು ಗುಂಪಿಗೆ ಸರಿದುಹೋಗಿದ್ದರು. ಜಗಳವಾಗಿರಲಿಲ್ಲ, ಜಗಳವಾಗಿದ್ದರೆ ಚೆನ್ನಾಗಿತ್ತು. ಊಟದ ಡಬ್ಬಿ ಅರ್ಧ ತುಂಬಿಕೊಂಡೇ ವಾಪಸು ಬರುತ್ತಿತ್ತು. ಕೇಳಿದರೆ “ಹೊತ್ತು ಸಿಗಲಿಲ್ಲಮ್ಮ” ಎನ್ನುತ್ತಿದ್ದಳು. ಒಂದು ಇಡೀ ವರ್ಷ ಊಟಕ್ಕೆ ಹೊತ್ತು ಸಿಗದ ಹುಡುಗಿಯನ್ನು ಮನೆಯಲ್ಲಿ ಒಂದು ವರ್ಷ ಇಟ್ಟುಕೊಂಡರೆ ಮುಂದೆ ಅವಳ ಕೋಣೆಯ ಬಾಗಿಲು ತೆಗೆಯುವುದು ಹೇಗೆ ಎಂಬುದು ನನ್ನ ಭಯ. ದೂರದ ಹಾಸ್ಟೆಲಿಗೆ ಕಳಿಸಿದರೆ ಆ ಬಾಗಿಲನ್ನು ತಟ್ಟುವವರೂ ಇರುವುದಿಲ್ಲ ಎಂಬುದು ಇನ್ನೊಂದು ಭಯ. ಅತ್ತ ದರಿ, ಇತ್ತ ಪುಲಿ.

ಆ ನಾಲ್ಕು ಕಾಲೇಜುಗಳು ಈಗ ನನ್ನ ತಲೆಯಲ್ಲಿ ಕಲಸಿಹೋಗಿವೆ. ಎಲ್ಲ ಕಡೆಯೂ ಒಬ್ಬ ವಿದ್ಯಾರ್ಥಿ ನಮ್ಮ ಕಡೆ ಮುಖ ಮಾಡಿಕೊಂಡು ಹಿಂದುಹಿಂದಕ್ಕೆ ನಡೆಯುತ್ತ ಕ್ಯಾಂಪಸ್ ತೋರಿಸುತ್ತಾನೆ. ಎಲ್ಲ ಕಡೆಯೂ ಗ್ರಂಥಾಲಯದ ಬಾಗಿಲಲ್ಲಿ ನಿಂತು, “ಇಲ್ಲಿ ನಿದ್ದೆ ಮಾಡಿದರೆ ದಂಡ ಇಲ್ಲ, ಗೊರಕೆ ಹೊಡೆದರೆ ಮಾತ್ರ,” ಎನ್ನುತ್ತಾನೆ. ಎಲ್ಲ ಕಡೆಯೂ ಅಪ್ಪಂದಿರು ನಗುತ್ತಾರೆ. ಹಾಸ್ಟೆಲಿನಲ್ಲಿ ಒಂದು ಮಾದರಿ ಕೋಣೆ ಇರುತ್ತದೆ. ಸುಕ್ಕಿಲ್ಲದ ಹಾಸಿಗೆ, ಯಾರೂ ಓದದ ಮೂರು ಪುಸ್ತಕ, ಯಾರ ವಾಸನೆಯೂ ಇಲ್ಲದ ಗಾಳಿ. ನಾನು ಬಚ್ಚಲಿನ ಅಗುಳಿ ಎಳೆದು ನೋಡುತ್ತೇನೆ. ಹಾಸ್ಟೆಲಿನಿಂದ ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲಿ ದೀಪದ ಕಂಬಗಳಿವೆಯೇ, ಅವುಗಳಲ್ಲಿ ಬಲ್ಬುಗಳಿವೆಯೇ ಎಂದು ನೋಡುತ್ತೇನೆ.

ನನ್ನ ಗಂಡ ಲಿಫ್ಟ್ ನೋಡುತ್ತಾರೆ. ಅವರದು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೇಲ್ವಿಚಾರಣೆಯ ಕೆಲಸ. ಯಾವ ಕಾಲೇಜಿಗೆ ಹೋದರೂ ಗುಂಪಿನಿಂದ ಜಾರಿಕೊಂಡು ಲಿಫ್ಟ್ ಹತ್ತಿ, ಮೇಲೆ ಹೋಗಿ, ಕೆಳಗೆ ಬಂದು ತೀರ್ಪು ಕೊಡುತ್ತಾರೆ. “ಕಟ್ಟಡ ನೋಡಿದ್ರೆ ಅರಮನೆ, ಲಿಫ್ಟ್ ನೋಡಿದ್ರೆ ಕೆಮ್ಮುತ್ತೆ. ಮೇಲೆ ಥಳುಕು, ಒಳಗೆ ಹುಳುಕು.” ಮೂರನೆಯ ಕಾಲೇಜಿನಲ್ಲಿ ಗಾಜಿನ ಲಿಫ್ಟ್ ಇತ್ತು. ಅದರಿಂದ ಇಳಿದು ಬಂದಾಗ ಇವರ ಮುಖ ಹೊಳೆಯುತ್ತಿತ್ತು. “ಮರಿ, ಕಣ್ಣು ಮುಚ್ಕೊಂಡು ಸೇರ್ಕೊ ಇಲ್ಲಿಗೆ.”

“ಅಪ್ಪಾ, ನಾನು ಲಿಫ್ಟಲ್ಲಿ ಕೂತು ಓದೋದಿಲ್ಲ,” ಎಂದಿದ್ದಳು ಮಗಳು. ಆ ತಿಂಗಳಿನಲ್ಲಿ ಅಲ್ಲಿಯವರೆಗೆ ಅವಳು ಆಡಿದ ಅತಿ ಉದ್ದದ ಮಾತು ಅದು.

ಮಗಳು ಏನು ನೋಡುತ್ತಿದ್ದಳು ಎಂಬುದು ನನಗೆ ಎರಡನೆಯ ಕಾಲೇಜಿನಲ್ಲಿ ತಿಳಿಯಿತು. ಊಟದ ಹಾಲ್‌ನಲ್ಲಿ ಎಲ್ಲರೂ ಎತ್ತರದ ಚಾವಣಿಯನ್ನು ಮೆಚ್ಚಿಕೊಳ್ಳುತ್ತಿದ್ದಾಗ, ಅವಳ ಕಣ್ಣು ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರೇ ಕೂತು ಉಣ್ಣುವವರ ಮೇಲೆ ನಿಲ್ಲುತ್ತಿತ್ತು. ಹೊರಗೆ ಬಂದ ಮೇಲೆ “ಹೇಗಿದೆ ಮರಿ?” ಎಂದರೆ “ಚೆನ್ನಾಗಿದೆ” ಎಂದಳು. ಅವಳ ‘ಚೆನ್ನಾಗಿದೆ’ ಎಂದರೆ ಮುಗಿಯಿತು, ಆ ಕಾಲೇಜಿನ ಹೆಸರನ್ನು ಮತ್ತೆ ಎತ್ತುವ ಹಾಗಿಲ್ಲ.

*

ಐದನೆಯ ಕಾಲೇಜಿಗೆ ರೈಲಿನಲ್ಲಿ ಹೋಗಬೇಕಿತ್ತು. ಕತ್ತಲಿರುವಾಗಲೇ ಹೊರಟೆವು. ಸ್ಟೇಷನ್ನಿನಿಂದ ನಡೆದು ಗೇಟು ತಲುಪುವ ಹೊತ್ತಿಗೆ ನನ್ನ ಹಿಮ್ಮಡಿ ಮಾತಾಡತೊಡಗಿತ್ತು. ನಮ್ಮಂತೆಯೇ ಬಂದಿದ್ದ ಹತ್ತಿಪ್ಪತ್ತು ಮನೆಯವರು ಗೇಟಿನ ಬಳಿ ನಿಂತಿದ್ದರು. ಎಲ್ಲರ ಮುಖದಲ್ಲೂ ಎಲ್ಲವನ್ನೂ ಮೊದಲೇ ನೋಡಿಬಿಟ್ಟವರ ಸುಸ್ತು. ಕುತ್ತಿಗೆಗೆ ಹಾಕಿಕೊಳ್ಳಲು ಒಂದೊಂದು ಹಳದಿ ಪಟ್ಟಿ ಕೊಟ್ಟರು, ತುದಿಯಲ್ಲಿ ‘ಅತಿಥಿ’ ಎಂದು ಬರೆದ ಕಾರ್ಡು.

ನಮ್ಮ ಗುಂಪನ್ನು ಕರೆದೊಯ್ಯಲು ಬಂದವಳು ಗುಂಗುರು ಕೂದಲಿನ, ಗಿಡ್ಡನೆಯ ಹುಡುಗಿ. ಮಾತು ಶುರು ಮಾಡಿದರೆ ಗಂಟಲಿನಿಂದ ಅರ್ಧ ಗಾಳಿ, ಅರ್ಧ ದನಿ.

“ದಯವಿಟ್ಟು ಹತ್ತಿರ ಬನ್ನಿ. ಮೂರು ದಿನದಿಂದ ಇದೇ ಕೆಲಸ, ಗಂಟಲು ಕೈಕೊಟ್ಟಿದೆ. ಹಳದಿ ಪಟ್ಟಿಯವರು ನೀವು, ನೀಲಿ ಪಟ್ಟಿಯವರು ನಾವು, ಕಾಲೇಜಿನವರು. ದಾರೀಲಿ ನೀಲಿ ಪಟ್ಟಿ ಹಾಕಿರೋರು ಯಾರೇ ಸಿಕ್ಕಿದ್ರೂ ನಿಲ್ಲಿಸಿ ಕೇಳಿ. ನನಗಿಂತ ಚೆನ್ನಾಗಿ ಹೇಳ್ತಾರೆ. ಕೊನೇ ಪಕ್ಷ ಕೇಳಿಸೋ ಹಾಗಾದ್ರೂ ಹೇಳ್ತಾರೆ.”

ಅವಳೂ ಹಿಂದುಹಿಂದಕ್ಕೇ ನಡೆದಳು. ಆದರೆ ಎರಡು ಸಲ ಎಡವಿದ ಮೇಲೆ, “ಸಾಕಪ್ಪ, ನನ್ನ ಬೆನ್ನು ನೋಡ್ಕೊಂಡೇ ಬನ್ನಿ,” ಎಂದು ತಿರುಗಿಬಿಟ್ಟಳು. ಕಟ್ಟಡಗಳು ಹಳೆಯವು. ಗೋಡೆಯ ಬಣ್ಣ ಕೈಗೆಟಕುವ ಎತ್ತರದವರೆಗೆ ಮಾಸಿತ್ತು. ಗ್ರಂಥಾಲಯದ ಬಾಗಿಲಲ್ಲಿ ಅವಳು ಗೊರಕೆಯ ಜೋಕು ಹೇಳಲಿಲ್ಲ. ಮರೆತಳೋ, ಗಂಟಲು ಉಳಿಸಿಕೊಂಡಳೋ. ನನ್ನ ಗಂಡ ಅಷ್ಟು ಹೊತ್ತಿಗೆ ಮಾಯವಾಗಿದ್ದರು.

ಗ್ರಂಥಾಲಯದಿಂದ ಪ್ರಯೋಗಾಲಯಕ್ಕೆ ಹೋಗಲು ಮುಂದಿನ ದಾರಿಯಲ್ಲಿ ಬಣ್ಣ ಹೊಡೆಯುತ್ತಿದ್ದರು. “ಹಿಂದಿನ ಮೆಟ್ಟಿಲಲ್ಲಿ ಇಳಿಯೋಣ, ಇದು ನಿಮಗೆ ತೋರಿಸೋ ಮೆಟ್ಟಿಲಲ್ಲ, ಯಾರಿಗೂ ಹೇಳ್ಬೇಡಿ,” ಎಂದಳು ಹುಡುಗಿ. ಕಿಟಕಿಯಿಲ್ಲದ, ಇಕ್ಕಟ್ಟಿನ ಮೆಟ್ಟಿಲು. ಅರ್ಧ ಇಳಿಯುವಷ್ಟರಲ್ಲಿ ಮುಂದಿನವರು ನಿಂತುಬಿಟ್ಟರು.

ತಿರುವಿನಲ್ಲಿ ಒಬ್ಬ ಹುಡುಗಿ ಮೊಣಕಾಲಿನ ಮೇಲೆ ಗಲ್ಲವಿಟ್ಟು ಅಳುತ್ತಿದ್ದಳು. ಬಿಕ್ಕಿ ಬಿಕ್ಕಿ ಅಳುವ ಘಟ್ಟ ಮುಗಿದು, ಉಸಿರು ಮಾತ್ರ ತುಂಡು ತುಂಡಾಗಿ ಬರುವ ಘಟ್ಟ. ಅವಳ ಪಕ್ಕ, ಧೂಳು ಹಿಡಿದ ಮೆಟ್ಟಿಲ ಮೇಲೆ, ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಇಸ್ತ್ರಿ ಮಾಡಿದ ಬೂದು ಕೋಟು, ಕುತ್ತಿಗೆಯಲ್ಲಿ ನೀಲಿ ಪಟ್ಟಿ. ಒಂದು ಕೈ ಹುಡುಗಿಯ ಬೆನ್ನ ಮೇಲಿತ್ತು. ಸವರುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ, ಸುಮ್ಮನೆ ಅಲ್ಲಿತ್ತು.

ಗುಂಗುರು ಕೂದಲಿನವಳು ಬಗ್ಗಿ, ಇದ್ದಷ್ಟು ದನಿಯಲ್ಲಿ, “ಏನಾಯ್ತು? ಯಾರನ್ನಾದ್ರೂ ಕರೀಲಾ? ನೀರು ಬೇಕಾ?” ಎಂದಳು.

“ಬೇಡಮ್ಮ. ನೀವು ಹೋಗಿ. ನಾನಿದೀನಿ,” ಎಂದರು ಆ ಹೆಂಗಸು.

ನಾವು ಒಬ್ಬೊಬ್ಬರೇ ಗೋಡೆಗೆ ಒತ್ತಿಕೊಂಡು ಇಳಿದೆವು. ಕೆಲವರು ಬೇರೆ ಕಡೆ ನೋಡಿದರು, ಕೆಲವರು ತಮ್ಮ ಮಕ್ಕಳ ಕೈ ಹಿಡಿದುಕೊಂಡರು. ಕೆಳಗೆ ಬಂದು ತಿರುಗಿದರೆ ನನ್ನ ಮಗಳಿಲ್ಲ. ಅವಳು ಇನ್ನೂ ಮೇಲಿನ ಮೆಟ್ಟಿಲ ಮೇಲೆಯೇ ನಿಂತು, ಆ ಇಬ್ಬರ ಬೆನ್ನು ನೋಡುತ್ತಿದ್ದಳು. ನಾನು ಕರೆದ ಮೇಲೆ ಇಳಿದು ಬಂದಳು, ಅವರ ಪಕ್ಕದಲ್ಲಿ ಹಾಯುವಾಗ ಹೆಜ್ಜೆಯ ಸದ್ದಾಗದಂತೆ ತುದಿಗಾಲಿನಲ್ಲಿ.

*

ಕ್ಯಾಂಟೀನಿನಲ್ಲಿ ಚಹಾ, ಬನ್ನು ಕೊಟ್ಟರು. ಮಗಳು ತನ್ನ ಬನ್ನು ತಿಂದಳು. ಆಮೇಲೆ ನನ್ನದನ್ನು ತೆಗೆದುಕೊಂಡು, ಕೇಳದೆ ತಿಂದಳು. ನಾನು ನೋಡುತ್ತಿದ್ದೆ.

“ಅಮ್ಮ, ಇಲ್ಲಿಗೇ ಬರ್ತೀನಿ.”

ನನ್ನ ಗಂಡ ಆಗಷ್ಟೇ ಮುಖ ಸಿಂಡರಿಸಿಕೊಂಡು ಬಂದು ಕೂತಿದ್ದರು. “ಇಲ್ಲಿಗಾ? ಲಿಫ್ಟಿಗೆ ಬೀಗ ಹಾಕಿದಾರೆ ಕಣೇ! ಬೀಗದ ಮೇಲೆ ಜೇಡ ಸಂಸಾರ ಹೂಡಿದೆ!”

“ಮೆಟ್ಟಿಲಿದೆಯಲ್ಲಪ್ಪ.”

“ಮೊದಲನೇದರಲ್ಲಿ ಹೊಸ ಪ್ರಯೋಗಾಲಯ ಇತ್ತು. ಮೂರನೇದರಲ್ಲಿ ಗಾಜಿನ… ಹೋಗ್ಲಿ ಬಿಡು. ಇಲ್ಲೇನಿದೆ ಅಂತ?”

ಮಗಳು ಬನ್ನಿನ ಚೂರುಗಳನ್ನು ಬೆರಳ ತುದಿಗೆ ಅಂಟಿಸಿಕೊಳ್ಳುತ್ತ ಹೇಳಿದಳು. “ಆ ಮೇಡಂ ಅವಳನ್ನ ಯಾಕೆ ಅಳ್ತೀಯ ಅಂತ ಕೇಳ್ತಾ ಇರ್ಲಿಲ್ಲಮ್ಮ. ಅಳ್ಬೇಡ ಅಂತಾನೂ ಹೇಳ್ತಾ ಇರ್ಲಿಲ್ಲ. ನೀನು ನೋಡಿದೆ ತಾನೇ? ನಾವು ಇಷ್ಟು ಜನ ಇಳಿದು ಬಂದ್ರೂ ಅವರು ಏಳಲಿಲ್ಲ. ಮೇಡಂ ಆಗಿದ್ದೂ ಧೂಳಲ್ಲಿ ಕೂತಿದ್ರು. ಬೇರೆ ಕಡೆ ಎಲ್ಲಾ ನಮಗೆ ತೋರಿಸೋಕೆ ಅಂತ ಇತ್ತು. ಇದು ತೋರಿಸೋಕೆ ಅಂತ ಇದ್ದಿದ್ದಲ್ಲ.”

“ಯಾವ ಮೇಡಂ? ಯಾರು ಅತ್ತಿದ್ದು?” ಎಂದರು ನನ್ನ ಗಂಡ. ಹೇಳಿದೆ. ಅವರು ಸ್ವಲ್ಪ ಹೊತ್ತು ಚಹಾ ಕಲಕಿದರು. “ಅಳೋಕೆ ಅನುಕೂಲ ಇದೆ ಅಂತ ಕಾಲೇಜು ಸೇರೋರನ್ನ ನಾನು ಇವತ್ತೇ ನೋಡಿದ್ದು.”

“ಅಪ್ಪಾ!” ಎಂದು ಮಗಳು ನಕ್ಕುಬಿಟ್ಟಳು. ಜೋರಾಗೇನಲ್ಲ, ಮೂಗಿನಿಂದ ಒಂದು ಸಣ್ಣ ನಗೆ. ಅವರು ನನ್ನ ಕಡೆ ನೋಡಿದರು. ಆಮೇಲೆ ಅವರಿಗೆ ಲಿಫ್ಟು ನೆನಪಿಗೆ ಬರಲಿಲ್ಲ. “ಸರಿ ನಡಿ, ಸೋಮವಾರದ ತನಕ ಯಾಕೆ, ಇವತ್ತೇ ಆಫೀಸಿನಲ್ಲಿ ಹೇಳಿ ಮುಗಿಸೋಣ.”

ಆಫೀಸಿನ ಮುಂದೆ ಉದ್ದನೆಯ ಸಾಲಿತ್ತು. ಅಪ್ಪ ಮಗಳು ಸಾಲಿನಲ್ಲಿ ನಿಂತರು. ನಾನು ಮುಖ ತೊಳೆದುಕೊಂಡು ಬರುತ್ತೇನೆಂದು ಹೆಂಗಸರ ಶೌಚಾಲಯಕ್ಕೆ ಹೋದೆ.

ಅಲ್ಲಿ ಬೇಸಿನ್ನಿನ ಮುಂದೆ ಅವರು ನಿಂತಿದ್ದರು. ಬೂದು ಕೋಟಿನ ಮೇಡಂ. ಕರ್ಚೀಫನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡುತ್ತಿದ್ದರು. ಬಾಗಿಲ ಪಕ್ಕದ ಗೋಡೆಗೆ ಒಂದು ದೊಡ್ಡ ಸೂಟ್‌ಕೇಸು ಆನಿಸಿತ್ತು, ಅದರ ಹಿಡಿಗೆ ದಾರದಿಂದ ಕಟ್ಟಿದ ಒಂದು ದಿಂಬು. ಯಾರದ್ದೋ ಇರಬೇಕು ಎಂದುಕೊಂಡೆ. ನಾನು ಅಪರಿಚಿತರ ಜೊತೆ ನಾನಾಗಿ ಮಾತಿಗೆ ಇಳಿಯುವವಳಲ್ಲ. ಒಂದು ವಾಕ್ಯವನ್ನು ಬಾಯಿಯಲ್ಲಿ ಮೂರು ಸಲ ಮಗುಚಿ ಹಾಕದೆ ಹೊರಗೆ ಬಿಡುವವಳಲ್ಲ. ಆದರೆ ಆ ಹೊತ್ತು ಎದೆ ತುಂಬಿಬಿಟ್ಟಿತ್ತು.

“ಮೇಡಂ, ತಪ್ಪು ತಿಳ್ಕೋಬೇಡಿ. ನಿಮಗೆ ಥ್ಯಾಂಕ್ಸ್ ಹೇಳ್ಬೇಕಿತ್ತು. ಮೆಟ್ಟಿಲ ಮೇಲೆ ನಿಮ್ಮನ್ನ ನೋಡಿದ ಮೇಲೆ ನನ್ನ ಮಗಳು ಇದೇ ಕಾಲೇಜಿಗೆ ಸೇರ್ತೀನಿ ಅಂದಳು. ನಿಮ್ಮಂಥ ಟೀಚರ್ ಇರೋ ಕಡೆ…”

ಅವರು ನಲ್ಲಿ ನಿಲ್ಲಿಸಿದರು. ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಕುತ್ತಿಗೆಯ ನೀಲಿ ಪಟ್ಟಿಯ ತುದಿಯ ಕಾರ್ಡನ್ನು ತಿರುಗಿಸಿ ಹಿಡಿದರು. ಕಾರ್ಡಿನಲ್ಲಿ ಆ ಅಳುತ್ತಿದ್ದ ಹುಡುಗಿಯ ಫೋಟೋ ಇತ್ತು. ನಗುತ್ತಿದ್ದಳು.

“ನಾನು ಟೀಚರ್ ಅಲ್ಲ. ಅವಳ ಅಮ್ಮ. ಕರ್ಕೊಂಡು ಹೋಗೋಕೆ ಬಂದಿದೀನಿ. ಈ ಕಾರ್ಡನ್ನ ಆಫೀಸಲ್ಲಿ ವಾಪಸ್ ಕೊಡ್ಬೇಕಂತೆ. ಅವಳ ಕೈಯಲ್ಲಿದ್ರೆ ಬೀಳಿಸ್ಕೋತಾಳೆ ಅಂತ ನಾನೇ ಹಾಕ್ಕೊಂಡೆ.”

“ಅಯ್ಯೋ, ಕ್ಷಮಿಸಿ,” ಎಂದೆ. “ಓದು ಬಿಟ್ಟು…?”

“ಬಿಟ್ಟು.”

“ಏನಾದ್ರೂ ಆಯ್ತಾ ಇಲ್ಲಿ?”

ನಾನು ಕೇಳಿದ್ದು ಅವರ ಮಗಳಿಗಾಗಿ ಅಲ್ಲ, ನನ್ನ ಮಗಳಿಗಾಗಿ ಎಂಬುದು ಅವರಿಗೆ ತಿಳಿಯಿತು. ಬೇಸರಪಟ್ಟುಕೊಳ್ಳಲಿಲ್ಲ. ಅಷ್ಟು ಶಕ್ತಿಯೂ ಉಳಿದಿರಲಿಲ್ಲವೇನೋ.

“ಏನೂ ಆಗಿಲ್ಲ ಅನ್ನೋದೇ ಕಷ್ಟ. ಆಗಿದ್ರೆ ಯಾರನ್ನಾದ್ರೂ ಹಿಡ್ಕೊಂಡು ಜಗಳ ಆಡ್ತಿದ್ದೆ. ನಾನು ಟಿಕೆಟ್ ಕೌಂಟರಿನಲ್ಲಿ ಕೂರೋಳು, ಜಗಳ ನನಗೆ ಹೊಸದಲ್ಲ. ಯಾರೂ ಬೈದಿಲ್ಲ, ಯಾರೂ ಛೇಡಿಸಿಲ್ಲ. ಟೀಚರುಗಳೂ ಒಳ್ಳೆಯೋರೇ ಅಂತಾಳೆ. ಇವಳಿಗೆ ಒಗ್ಗಲಿಲ್ಲ. ಬೆಳಗ್ಗೆ ಏಳೋಕೇ ಆಗ್ತಿಲ್ಲ ಅಮ್ಮ ಅಂದಳು ಫೋನಲ್ಲಿ.” ಅವರು ಕರ್ಚೀಫನ್ನು ಇನ್ನೊಮ್ಮೆ ಹಿಂಡಿದರು, ಒಂದು ಹನಿಯೂ ಬೀಳಲಿಲ್ಲ. “ನಾವೂ ನಿಮ್ಮ ಹಾಗೇ ಹಳದಿ ಪಟ್ಟಿ ಹಾಕ್ಕೊಂಡು ನೋಡೋಕೆ ಬಂದಿದ್ವಿ. ಮೇಲ್ಗಡೆ ಒಂದು ಕಿಟಕಿ ಇದೆ, ದೊಡ್ಡದು, ಕೂರೋಕೆ ಕಟ್ಟೆ, ಬಿಸಿಲು ಬೀಳುತ್ತೆ. ಅಮ್ಮ, ಇಲ್ಲಿ ಕೂತು ಓದ್ತೀನಿ ಅಂದಳು. ಅದಕ್ಕೇ ಈ ಕಾಲೇಜು. ಸೇರಿದ ಮೇಲೆ ನೋಡಿದ್ರೆ ಅದು ಯಾವುದೋ ಬೇರೆ ವಿಭಾಗದ್ದು, ಬೀಗ. ಕಿಟಕಿಗೋಸ್ಕರ ಯಾರಾದ್ರೂ ಕಾಲೇಜು ಸೇರ್ತಾರಾ ಹೇಳಿ?”

ನನ್ನ ಮಗಳು ಸೇರುತ್ತಿದ್ದದ್ದು ಇವರ ಕೈಗೋಸ್ಕರ.

ಅವರು ಸೂಟ್‌ಕೇಸಿನ ಹಿಡಿ ಎತ್ತಿದರು. ದಿಂಬು ವಾಲಿತು. ನಾನು ಅದನ್ನು ನೆಟ್ಟಗೆ ಮಾಡಿ ದಾರ ಬಿಗಿದುಕೊಟ್ಟೆ. ಬಾಗಿಲಲ್ಲಿ ನಿಂತು ಅವರು ತಿರುಗಿದರು. “ಹೇಳ್ತೀರಾ ನಿಮ್ಮ ಮಗಳಿಗೆ?”

“ಗೊತ್ತಿಲ್ಲ.”

“ನಿಮ್ಮ ಜಾಗದಲ್ಲಿದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ,” ಎಂದು ಹೋದರು.

*

ಆಫೀಸಿಗೆ ಮರಳುವ ಕಾರಿಡಾರು ಉದ್ದವಾಗಿತ್ತು. ಹೇಳಬೇಕು ಎಂದುಕೊಂಡು ಅರ್ಧ ನಡೆದೆ. ಇನ್ನರ್ಧದಲ್ಲಿ ಹೇಗೆ ಹೇಳುವುದೆಂದು ಮಾತು ಹುಡುಕಿದೆ. ‘ಅದು ಮೇಡಂ ಅಲ್ಲ ಕಣೇ, ಅಮ್ಮ.’ ಇಷ್ಟೇ. ಐದು ಮಾತು. ಅಷ್ಟು ಹೇಳಿದರೆ ಅವಳಿಗೆ ಏನು ಕೇಳಿಸುತ್ತದೆ ಎಂದು ಯೋಚಿಸಿದೆ. ಲೋಕದಲ್ಲಿ ಅಮ್ಮನ ಹೊರತು ಯಾರೂ ಹಾಗೆ ಪಕ್ಕದಲ್ಲಿ ಕೂರುವುದಿಲ್ಲ ಎಂದು ಕೇಳಿಸುತ್ತದೆ. ಕಳೆದ ಒಂದು ವರ್ಷದಿಂದ ಅವಳು ನಂಬಿಕೊಂಡು ಕೂತಿದ್ದೂ ಅದನ್ನೇ. ಹೇಳದೇ ಇದ್ದರೆ? ಇಲ್ಲದ ಒಬ್ಬ ಮೇಡಂ ಅವರನ್ನು ನಂಬಿಕೊಂಡು ಹುಡುಗಿ ಮನೆ ಬಿಟ್ಟು ಬರುತ್ತಾಳೆ.

ನಾನು ತಲುಪುವಷ್ಟರಲ್ಲಿ ಅಪ್ಪ ಮಗಳ ಸರದಿ ಬಂದಿತ್ತು. ಗಾಜಿನ ಹಿಂದಿದ್ದ ಗುಮಾಸ್ತೆ ತಲೆ ಎತ್ತದೆ ಕೇಳುತ್ತಿದ್ದಳು. “ಖಚಿತ ತಾನೇ? ಸಹಿ ಆದ ಮೇಲೆ ಬೇರೆ ಕಡೆ ಸೀಟು ಹೋಗುತ್ತೆ. ಆಮೇಲೆ ಬಂದು ಅತ್ತರೆ ನಾವೇನೂ ಮಾಡೋಕಾಗಲ್ಲ.”

ಮಗಳು ಪೆನ್ನು ಹಿಡಿದು ಹಿಂದಕ್ಕೆ ತಿರುಗಿದಳು. ಗುಂಪಿನಲ್ಲಿ ನನ್ನನ್ನು ಹುಡುಕಿ, “ಅಮ್ಮ?” ಎಂದಳು.

ಚಿಕ್ಕವಳಿದ್ದಾಗ ರಸ್ತೆ ದಾಟುವ ಮುನ್ನ ಹಾಗೆಯೇ ಕೇಳುತ್ತಿದ್ದಳು. ನನ್ನ ಗಂಡನೂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

“ನಿನಗೆ ಸರಿ ಅನ್ನಿಸಿದ್ರೆ ಹಾಕು,” ಎಂದೆ. ಎಷ್ಟು ಜೋಪಾನದ ಮಾತು. ಎಲ್ಲಿ ಹಿಡಿದರೂ ಸುಳ್ಳು ಎಂದು ಸಿಕ್ಕಿಬೀಳದ ಮಾತು.

ಅವಳು ಸಹಿ ಹಾಕಿದಳು.

ಹೊರಗೆ ಗುಂಗುರು ಕೂದಲಿನ ಹುಡುಗಿ ಗೋಡೆಗೊರಗಿ ಬಿಸಿನೀರು ಕುಡಿಯುತ್ತಿದ್ದಳು. ಮಗಳು ತಾನಾಗಿ ಅವಳ ಬಳಿ ಹೋದಳು. ತಾನಾಗಿ! “ಆ ಮೆಟ್ಟಿಲ ಮೇಲಿದ್ದ ಮೇಡಂ ಯಾವ ವಿಭಾಗದವರು?”

ನಾನೂ ಅವರ ಹತ್ತಿರ ಸರಿದೆ.

“ಬೂದು ಕೋಟಿನವರಾ? ನನಗೂ ಗೊತ್ತಿಲ್ಲಪ್ಪ,” ಎಂದಳು ಅವಳು, ಪಿಸುಗುಟ್ಟುವ ದನಿಯಲ್ಲಿ. “ನಮ್ಮ ಬ್ಲಾಕಿನವರಲ್ಲ. ಹುಡುಕಿದ್ರೆ ಸಿಗ್ತಾರೆ. ಸೇರ್ತಿದೀಯಾ? ಹಾಗಾದ್ರೆ ಬಂದ ದಿನ ನನ್ನನ್ನ ಕೇಳ್ಕೊಂಡು ಬಾ. ಹಾಸ್ಟೆಲಿನ ಎರಡನೇ ಮಹಡಿ, ಕೊನೇ ಕೋಣೆ. ಗಂಟಲಿಲ್ಲದವಳು ಅಂದ್ರೆ ಯಾರಾದ್ರೂ ತೋರಿಸ್ತಾರೆ.”

ಮಗಳು ಮರ್ಯಾದೆಗೆ ತಲೆಯಾಡಿಸಿದಳು. ಅವಳ ಗಮನ ಇದ್ದದ್ದು ಮೇಡಂ ಮೇಲೆ. ಕಾಲೇಜಿನವರಲ್ಲಿ ಆ ಮೆಟ್ಟಿಲ ಮೇಲೆ ನಿಂತು ನೀರು ಬೇಕಾ ಎಂದು ಕೇಳಿದವಳು ಇವಳೊಬ್ಬಳೇ ಎಂಬುದು ಅವಳ ತಲೆಗೆ ಹೋಗಿರಲಿಲ್ಲ. ನನಗೂ ಆಗಲೇ ಹೋದದ್ದು. ಕೇಳಿದಳು, ಬೇಡ ಎಂದರೆ ಮುಂದೆ ಹೋದಳು. ಹಾಸ್ಟೆಲಿನಲ್ಲಿ ಒಬ್ಬಳ ಬಾಗಿಲು ತಟ್ಟಲು ಅಷ್ಟು ಸಾಕೇ? ಗೊತ್ತಿಲ್ಲ. ಆದರೂ ಆ ಹುಡುಗಿಯ ಕೈ ಹಿಡಿದು, “ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಮ್ಮ, ನಾಳೆ ಮಾತಾಡಬೇಡ,” ಎಂದೆ.

ಮುಂದಿನ ಗೇಟಿನ ಕಡೆ ಹೊರಟಾಗ ದೂರದಿಂದಲೇ ಕಂಡಿತು. ಗೇಟಿನ ಪಕ್ಕ ಸೂಟ್‌ಕೇಸು, ದಿಂಬು, ಬೂದು ಕೋಟು. ಹುಡುಗಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅಮ್ಮ ರಸ್ತೆಯ ಕಡೆ ನೋಡುತ್ತ ಗಾಡಿಗೆ ಕಾಯುತ್ತಿದ್ದರು. ಕುತ್ತಿಗೆಯಲ್ಲಿ ನೀಲಿ ಪಟ್ಟಿ ಇರಲಿಲ್ಲ. ಮಗಳು ಅಪ್ಪನ ಜೊತೆ ಏನೋ ಹೇಳುತ್ತ ನೆಲ ನೋಡಿಕೊಂಡು ಬರುತ್ತಿದ್ದಳು.

“ರೀ, ಹಿಂದಿನ ಗೇಟಿಂದ ಹೋಗೋಣ,” ಎಂದೆ.

“ಸ್ಟೇಷನ್ ಇರೋದು ಈ ಕಡೆ!”

“ಆ ಕಡೆ ನೆರಳಿದೆ.”

“ನೆರಳಾ? ಸೂರ್ಯ ಮುಳುಗೋ ಹೊತ್ತಾಯ್ತು. ನಿನ್ನ ಹಿಮ್ಮಡಿ ನೋವು ಅಂತ ಬೆಳಗ್ಗೆಯಿಂದ ನರಳ್ತಿದೀಯ, ಈಗ ಊರು ಸುತ್ತಿಸ್ತೀಯಾ?”

“ಸುತ್ತಾದ್ರೂ ಆಗಲಿ, ನಡೀರಿ,” ಎಂದು ಮಗಳ ತೋಳು ಹಿಡಿದು ತಿರುಗಿಸಿಯೇಬಿಟ್ಟೆ.

“ಹಾಸ್ಟೆಲ್ ದಾರಿಯ ದೀಪ ನೋಡ್ಬೇಕೇನೋ ಅಮ್ಮಂಗೆ,” ಎಂದಳು ಮಗಳು. ಅಪ್ಪ ಮಗಳು ಸೇರಿ ನಕ್ಕರು. ಆ ನಗೆಯಲ್ಲಿ ನಾನೂ ಸೇರಿಕೊಂಡೆ. ಹಿಂದಿನ ಗೇಟು ನಿಜಕ್ಕೂ ದೂರವಿತ್ತು. ಮಗಳು ದಾರಿಯುದ್ದಕ್ಕೂ ಮಾತಾಡಿದಳು. ಯಾವ ಬೆಡ್‌ಶೀಟು ತೆಗೆದುಕೊಂಡು ಹೋಗಬೇಕು, ಅಜ್ಜಿಗೆ ವೀಡಿಯೋ ಕಾಲ್ ಮಾಡುವುದು ಯಾರು ಕಲಿಸುತ್ತಾರೆ, ಹಾಸ್ಟೆಲ್ ಕೋಣೆಗಳಲ್ಲಿ ಕಿಟಕಿ ಯಾವ ಕಡೆಗಿದೆ. ಒಂದು ವರ್ಷದಿಂದ ತಡೆದಿಟ್ಟುಕೊಂಡಿದ್ದ ನೀರು ತೂಬು ತೆಗೆದ ಹಾಗೆ ಬರುತ್ತಿತ್ತು. ಪ್ರತಿ ಮಾತೂ ನನಗೆ ಸುಖವಾಗಿಯೇ ಇತ್ತು. ಪ್ರತಿ ಮಾತಿಗೂ ಕಾಲು ಇನ್ನಷ್ಟು ಭಾರವಾಗುತ್ತಿತ್ತು.

ರೈಲಿನಲ್ಲಿ ಜಾಗ ಸಿಕ್ಕಿತು. ಮಗಳು ನನ್ನ ಭುಜಕ್ಕೆ ಒರಗಿ, ಒಂದು ಮಾತಿನ ನಡುವೆಯೇ ನಿದ್ದೆ ಹೋದಳು. ನನ್ನ ಗಂಡ ಎದುರಿನ ಸೀಟಿನಲ್ಲಿ ಶೂ ಬಿಚ್ಚಿ ಕಾಲು ಚಾಚಿದರು.

“ಒಳ್ಳೇದಾಯ್ತು ಬಿಡು. ಲಿಫ್ಟ್ ಹೋಗಿ ಹಾಳಾಗ್ಲಿ,” ಎಂದರು ಮೆಲ್ಲಗೆ. ಆಮೇಲೆ ನನ್ನ ಮುಖ ನೋಡಿದರು. “ಏನು, ನಿನಗೆ ಖುಷಿ ಇಲ್ವಾ? ಮುಖ ತೊಳೆಯೋಕೆ ಹೋಗಿ ಅಷ್ಟು ಹೊತ್ತು ಬರಲಿಲ್ಲ. ಬಂದಾಗಿನಿಂದ ಮುಖ ಒಂಥರಾ ಇದೆ. ಏನಾದ್ರೂ ನೋಡಿದೆಯಾ ಅಲ್ಲಿ?”

ಹೇಳಿಬಿಡಬಹುದಿತ್ತು. ಅವರು ಬೈಯುತ್ತಿರಲಿಲ್ಲ. ಯೋಚನೆ ಮಾಡುತ್ತಿದ್ದರು, ನನ್ನ ಭಾರ ಅರ್ಧ ಇಳಿಯುತ್ತಿತ್ತು. ಆದರೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಎರಡು ದಿನದಲ್ಲಿ ಅತ್ತೆಗೆ ಗೊತ್ತಾಗುತ್ತದೆ. ಅತ್ತೆ ಅದನ್ನೊಂದು ತಮಾಷೆ ಮಾಡಿ ಮೊಮ್ಮಗಳ ಮುಂದೆಯೇ ಹೇಳುತ್ತಾರೆ. ಅಲ್ಲದೆ ಅದು ನನ್ನೊಬ್ಬಳದೇ ಸಂಗತಿಯೂ ಆಗಿರಲಿಲ್ಲ. ಈ ಹೊತ್ತಿಗೆ ಇನ್ನೊಂದು ಗಾಡಿಯಲ್ಲಿ, ಇನ್ನೊಬ್ಬ ಅಮ್ಮನ ಪಕ್ಕದಲ್ಲಿ, ಇನ್ನೊಬ್ಬಳು ಹುಡುಗಿ ಮನೆಗೆ ಹೋಗುತ್ತಿದ್ದಳು. ಅವಳು ಅತ್ತದ್ದನ್ನು ಎತ್ತಿಕೊಂಡು ಬಂದು ನಮ್ಮ ಊಟದ ಮೇಜಿನ ಮೇಲೆ ಬಡಿಸಲು ನಾನು ಯಾರು? ಹೀಗೆಲ್ಲ ಕಾರಣ ಹುಡುಕುತ್ತಿದ್ದೇನೆ ಎಂಬುದೂ ನನಗೆ ಗೊತ್ತಿತ್ತು. ನಿಜವಾದ ಕಾರಣ ಭುಜದ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.

“ಶೌಚಾಲಯದಲ್ಲೂ ಸಾಲಿತ್ತು ರೀ,” ಎಂದೆ. “ಸುಸ್ತು, ಅಷ್ಟೇ.”

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಇವರಿಗೂ ಬೇಡ, ಅತ್ತೆಗೂ ಬೇಡ, ಇವಳಿಗಂತೂ ಎಂದೆಂದಿಗೂ ಬೇಡ, ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ಗಟ್ಟಿಮಾಡಿಕೊಂಡೆ. ಭುಜ ಜೋಮು ಹಿಡಿಯಿತು. ಊರು ಬರುವವರೆಗೂ ಅಲುಗಾಡಲಿಲ್ಲ.